ಕಲೆ ಮುಚ್ಚಲು ಹೋಗಿ ಮುಖ ಬೂದಿಯಾಗುವುದೇಕೆ?

ಮದುವೆ ಮನೆಯ ಫೋಟೊಗಳಲ್ಲಿ ಇಂಥ ಮುಖ ಒಂದಾದರೂ ಇರುತ್ತದೆ. ಹಣೆ, ಕೆನ್ನೆ ಎಲ್ಲ ಸರಿಯಾಗಿಯೇ ಇದೆ, ಕಣ್ಣಿನ ಕೆಳಗೆ ಮಾತ್ರ ಬೂದುಬಣ್ಣದ ಎರಡು ಅರ್ಧಚಂದ್ರ. ಕಪ್ಪು ಕಾಣಬಾರದೆಂದು ಹಚ್ಚಿದ ಕನ್ಸೀಲರೇ ಕಪ್ಪನ್ನು ಎತ್ತಿ ತೋರಿಸುತ್ತಿರುತ್ತದೆ. ಹಚ್ಚುವಾಗ ಯಾರೂ ಜಿಪುಣತನ ಮಾಡಿರುವುದಿಲ್ಲ, ಕನ್ಸೀಲರ್ ಕೂಡ ದುಬಾರಿಯದೇ ಇರಬಹುದು. ಆದರೆ ಕಪ್ಪಿನ ಮೇಲೆ ಬೆಳ್ಳಗಿನದನ್ನು ಬಳಿದರೆ ಕಪ್ಪು ಹೋಗುತ್ತದೆ ಎಂಬ ಲೆಕ್ಕವೇ ತಪ್ಪು. ಅಲ್ಲಿಗೆ ಮೊದಲು ಬೇಕಾಗಿದ್ದದ್ದು ಕಿತ್ತಳೆ ಬಣ್ಣ.

ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಮುಖಕ್ಕೆ ಕಿತ್ತಳೆ ಬಳಿದುಕೊಳ್ಳುವುದೇ? ಅದು ಅರ್ಥವಾಗಬೇಕಾದರೆ ನಮ್ಮ ಚರ್ಮಕ್ಕೆ ಬಣ್ಣ ಬರುವುದು ಹೇಗೆ ಎಂಬುದರಿಂದ ಶುರು ಮಾಡಬೇಕು.

ಚರ್ಮದ ಬಣ್ಣದಲ್ಲಿ ಮುಖ್ಯ ಪಾಲು ಎರಡು ವಸ್ತುಗಳದ್ದು: ಕಂದುಬಣ್ಣದ ಮೆಲನಿನ್ ಮತ್ತು ರಕ್ತದಲ್ಲಿರುವ ಕೆಂಪು ಹಿಮೋಗ್ಲೋಬಿನ್. ಮೆಲನಿನ್ ಎಷ್ಟಿದೆ ಎನ್ನುವುದರ ಜೊತೆಗೆ ಎಷ್ಟು ಆಳದಲ್ಲಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೇಲ್ಪದರದಲ್ಲಿದ್ದರೆ ಕಂದಾಗಿ ಕಾಣುತ್ತದೆ. ಅದೇ ಮೆಲನಿನ್ ಕೆಳಪದರಕ್ಕೆ ಇಳಿದು ಕೂತರೆ ನೀಲಿ ಬೆರೆತ ಬೂದಿಯಾಗಿ ಕಾಣುತ್ತದೆ. ಹಳ್ಳಿಯ ಅಜ್ಜಿಯರ ಮುಂಗೈ ಮೇಲಿನ ಹಚ್ಚೆಯನ್ನು ನೋಡಿ. ಚುಚ್ಚಿದ್ದು ಕಪ್ಪು ಮಸಿ, ಕಾಣುವುದು ಹಸಿರು ಮಿಶ್ರಿತ ನೀಲಿ. ಚರ್ಮದೊಳಗೆ ಹೋದ ಬೆಳಕಿನಲ್ಲಿ ಕೆಂಪಿನ ಪಾಲು ಆಳಕ್ಕಿಳಿದು ಆ ಮಸಿಯಲ್ಲೇ ಇಂಗಿಹೋಗುತ್ತದೆ, ನೀಲಿಯ ಪಾಲು ಮೇಲ್ಭಾಗದಲ್ಲೇ ಚೆದುರಿ ನಮ್ಮ ಕಣ್ಣಿಗೆ ವಾಪಸಾಗುತ್ತದೆ. ಕಣ್ಣಿನ ಕೆಳಗೂ ನಡೆಯುವುದು ಇದೇ.

ಇನ್ನು ಡಬ್ಬಿಯೊಳಗೆ ಏನಿದೆ ನೋಡೋಣ. ಫೌಂಡೇಶನ್ ಇರಲಿ, ಕನ್ಸೀಲರ್ ಇರಲಿ, ಮುಚ್ಚುವ ಕೆಲಸದ ಬಹುಪಾಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯದ್ದು. ಗೋಡೆಯ ಪೇಂಟಿಗೂ ಬಿಳುಪು ಬರುವುದು ಇದರಿಂದಲೇ. ಇದಕ್ಕೆ ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್‌ಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಶೇಡ್‌ಗಳನ್ನು ಮಾಡುತ್ತಾರೆ. ಶೇಡ್ ಬೆಳ್ಳಗಾದಷ್ಟೂ ಬಿಳಿ ಪುಡಿಯ ಪಾಲು ಜಾಸ್ತಿ. ಬಿಳಿ ಪುಡಿಯನ್ನು ತೆಳ್ಳಗೆ ಕಪ್ಪಿನ ಮೇಲೆ ಹರಡಿದಾಗ ಅದು ಬೆಳ್ಳಗೆ ಕಾಣುವುದಿಲ್ಲ, ನೀಲಿ ತಿರುಗುತ್ತದೆ. ನೀರು ಜಾಸ್ತಿಯಾದ ಹಾಲು ಲೋಟದ ಅಂಚಿನಲ್ಲಿ ನೀಲಿ ಕಂಡ ಹಾಗೆ. ಅಂದರೆ ಮೊದಲೇ ನೀಲಿ-ಬೂದಿಯಾಗಿದ್ದ ಜಾಗದ ಮೇಲೆ ನಾವೇ ಕೈಯಾರೆ ಇನ್ನೊಂದು ಪದರ ನೀಲಿ-ಬೂದಿ ಹಾಕುತ್ತಿದ್ದೇವೆ. ಸಾಲದು ಎಂದು ಮತ್ತಷ್ಟು ಹಚ್ಚುತ್ತೇವೆ. ಅದು ಕಣ್ಣಿನ ಕೆಳಗಿನ ಸಣ್ಣ ಗೆರೆಗಳಲ್ಲಿ ಹೋಗಿ ಕೂತು, ಮಧ್ಯಾಹ್ನದ ಹೊತ್ತಿಗೆ ಬಿರುಕು ಬಿಡುತ್ತದೆ.

ಎದುರುಬಣ್ಣದ ಕೆಲಸ

ಚಿತ್ರಕಲೆಯ ಕ್ಲಾಸಿನಲ್ಲಿ ಬಣ್ಣಗಳ ಚಕ್ರ ನೋಡಿದವರಿಗೆ ಗೊತ್ತು: ಚಕ್ರದಲ್ಲಿ ಎದುರುಬದುರು ಇರುವ ಎರಡು ಬಣ್ಣಗಳನ್ನು ಕಲಸಿದರೆ ಎರಡೂ ತಮ್ಮ ಗುಣ ಕಳೆದುಕೊಂಡು ಮಣ್ಣುಬಣ್ಣಕ್ಕೆ ಬರುತ್ತವೆ. ನೀಲಿಗೆ ಎದುರು ಕಿತ್ತಳೆ, ನೇರಳೆಗೆ ಹಳದಿ, ಕೆಂಪಿಗೆ ಹಸಿರು. ಕಲರ್ ಕರೆಕ್ಟರ್ ಎಂದು ಮಾರುವ ಬಣ್ಣಬಣ್ಣದ ಡಬ್ಬಿಗಳ ಹಿಂದಿರುವುದು ಇಷ್ಟೇ ಗುಟ್ಟು. ಕಪ್ಪನ್ನು ಬಿಳುಪಿನಿಂದ ಗೆಲ್ಲಲು ಹೋಗದೆ, ಅದರೊಳಗಿನ ನೀಲಿಯನ್ನು ಕಿತ್ತಳೆಯಿಂದ ಮೊದಲು ಅಳಿಸುವುದು. ನೀಲಿ ಹೋದ ಮೇಲೆ ಉಳಿಯುವುದು ಕಂದು. ಕಂದು ನಮ್ಮ ಚರ್ಮದ ಸ್ವಂತ ಬಣ್ಣವೇ ಆದ್ದರಿಂದ ಅದನ್ನು ಮುಚ್ಚಲು ತೀರಾ ತೆಳ್ಳನೆಯ ಪದರ ಸಾಕು.

ಎಷ್ಟು ಗಾಢ ಕಿತ್ತಳೆ ಬೇಕು ಎನ್ನುವುದು ಮೈಬಣ್ಣದ ಮೇಲೆ ಹೋಗುತ್ತದೆ. ತಿಳಿ ಬಣ್ಣದವರಿಗೆ ಪೀಚ್ ಸಾಕು. ಗೋಧಿಬಣ್ಣ, ಎಣ್ಣೆಗೆಂಪು ಬಣ್ಣದವರಿಗೆ ಏಪ್ರಿಕಾಟ್ ಅಥವಾ ನಸು ಕಿತ್ತಳೆ. ಇನ್ನೂ ಕಪ್ಪಗಿದ್ದರೆ ಕೆಂಪಿನತ್ತ ವಾಲುವ ಕಡು ಕಿತ್ತಳೆ. 2015ರಲ್ಲಿ ಭಾರತೀಯ ಮೂಲದ ಅಮೆರಿಕನ್ ಹೆಣ್ಣುಮಗಳು ದೀಪಿಕಾ ಮುತ್ಯಾಲ ಕಣ್ಣಿನ ಕೆಳಗೆ ಕೆಂಪು ಲಿಪ್‌ಸ್ಟಿಕ್ ಬಳಿದುಕೊಂಡು ಕಪ್ಪನ್ನು ಮುಚ್ಚಿ ತೋರಿಸಿದ ವಿಡಿಯೊ ಜಗತ್ತೆಲ್ಲ ಸುತ್ತಿತ್ತು. ಆಮೇಲೆ ಆಕೆ ಅದರ ಮೇಲೆಯೇ ಒಂದು ಕಂಪನಿ ಕಟ್ಟಿದರು. ಉಪಾಯ ಸರಿಯಾದದ್ದೇ, ಆದರೆ ಲಿಪ್‌ಸ್ಟಿಕ್ಕಿನಲ್ಲಿ ಮೇಣ, ಸುವಾಸನೆ ಇರುತ್ತವೆ. ಕಣ್ಣಿನ ಕೆಳಗಿನ ಚರ್ಮ ದೇಹದಲ್ಲೇ ತೀರಾ ತೆಳು. ಈಗ ಅದಕ್ಕೆಂದೇ ಮಾಡಿದ ಕರೆಕ್ಟರುಗಳು ಸಿಗುವಾಗ ಲಿಪ್‌ಸ್ಟಿಕ್ಕನ್ನು ತುಟಿಗೇ ಬಿಡುವುದು ವಾಸಿ.

ಹಸಿರಿನ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ. ಮೊಡವೆಯ ಕೆಂಪಿಗೆ ಹಸಿರು ಹಚ್ಚಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಅದು ಗುಲಾಬಿ ಬಿಳುಪಿನ ಚರ್ಮದವರಿಗೆ ಹೇಳಿದ ಮಾತು. ನಮ್ಮಲ್ಲಿ ಬಹಳ ಜನರ ಮೊಡವೆ ಕಡುಗಂದು ಇಲ್ಲವೇ ನೇರಳೆ ಬೆರೆತ ಕಂದಾಗಿರುತ್ತದೆ, ಅಚ್ಚ ಕೆಂಪಾಗಿ ಇರುವುದಿಲ್ಲ. ಅದರ ಮೇಲೆ ಹಸಿರು ಹಾಕಿದರೆ ಪಾಚಿಬಣ್ಣದ ಚುಕ್ಕೆಯೊಂದು ಹುಟ್ಟಿ, ಅದನ್ನು ಮುಚ್ಚಲು ಇನ್ನಷ್ಟು ಬಳಿಯಬೇಕಾಗುತ್ತದೆ. ಸಾಮಾನ್ಯ ಕಂದು ಮೈಬಣ್ಣಕ್ಕೆ ನಾಲ್ಕೈದು ಬಣ್ಣಗಳ ಕರೆಕ್ಟರ್ ಪ್ಯಾಲೆಟ್ ಕೊಳ್ಳುವ ಅಗತ್ಯವೇ ಇಲ್ಲ. ಒಂದು ಕಿತ್ತಳೆ ಸಾಕು.

ಇದೇನೂ ನಮ್ಮ ನೆಲಕ್ಕೆ ಹೊಸ ವಿದ್ಯೆ ಅಲ್ಲ. ಯಕ್ಷಗಾನದ ಚೌಕಿಯಲ್ಲಿ ಹಿಂದೆ ಮುಖವರ್ಣಿಕೆಗೆ ಬಳಸುತ್ತಿದ್ದದ್ದು ಹಳದಿಯ ಅರದಾಳ, ಕೆಂಪಿನ ಇಂಗಳೀಕ, ಬಿಳಿಯ ಸಫೇದು. ಹಳದಿ, ಕೆಂಪು, ಬಿಳಿ: ಇವತ್ತಿನ ಫೌಂಡೇಶನ್ ಬಾಟಲಿಯಲ್ಲಿರುವುದೂ ಇವೇ ಬಣ್ಣಗಳು, ಪದಾರ್ಥ ಬೇರೆ ಅಷ್ಟೆ. ಹಳೆಯದೆಲ್ಲ ಒಳ್ಳೆಯದು ಎಂದು ಅದನ್ನು ಹುಡುಕಿಕೊಂಡು ಹೋಗಬೇಡಿ. ಅರದಾಳದಲ್ಲಿರುವುದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ.

ಕಣ್ಣಿನ ಕೆಳಗಿನದು ಯಾವ ಕಪ್ಪು?

ಹಚ್ಚುವ ಮೊದಲು ಕನ್ನಡಿ ಹಿಡಿದು ಕಿಟಕಿಯ ಹತ್ತಿರ ಹೋಗಿ. ಗಲ್ಲ ಎತ್ತಿ ಬೆಳಕಿಗೆ ಮುಖ ಒಡ್ಡಿ. ಕಪ್ಪು ಮಾಯವಾದರೆ ಅಥವಾ ಅರ್ಧಕ್ಕರ್ಧ ಇಳಿದರೆ ಅದು ಬಣ್ಣವಲ್ಲ, ನೆರಳು. ಮೂಗಿನ ಬುಡದಿಂದ ಕೆನ್ನೆಯ ಕಡೆ ಇಳಿಯುವ ಸಣ್ಣ ಹಳ್ಳ ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ, ವಯಸ್ಸಾದಂತೆ ಆಳವಾಗುತ್ತದೆ. ಬೆಳಕಿಗೆ ಒಡ್ಡಿದರೂ ಕಪ್ಪು ಇಳಿಯದಿದ್ದರೆ ಕೆಳರೆಪ್ಪೆಯ ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಎಳೆದು ನೋಡಿ. ಕಂದುಬಣ್ಣ ಚರ್ಮದ ಜೊತೆಗೇ ಸರಿದು ಹಾಗೆಯೇ ಉಳಿದರೆ ಮೆಲನಿನ್. ಎಳೆದಾಗ ನೀಲಿ-ನೇರಳೆ ಇನ್ನಷ್ಟು ಎದ್ದು ಕಂಡರೆ ಅದು ತೆಳು ಚರ್ಮದಡಿಯ ರಕ್ತನಾಳ. ಎರಡು ಮೂರು ಕಾರಣ ಸೇರಿಕೊಂಡಿರುವವರೇ ಹೆಚ್ಚು, ಆದರೆ ದಕ್ಷಿಣ ಏಷ್ಯಾದವರಲ್ಲಿ ಮೆಲನಿನ್ನಿನ ಪಾಲು ಸಾಮಾನ್ಯವಾಗಿ ಜೋರು, ಮನೆತನದಲ್ಲೇ ಬರುತ್ತದೆ. ನಿದ್ದೆಗೆಟ್ಟಿದ್ದಕ್ಕೆ ಹೀಗಾಯಿತು ಎಂದು ಮನೆಯವರೆಲ್ಲ ಬೈಯುತ್ತಾರೆ, ಪಾಪ; ಬೈಯುವ ಅಮ್ಮನ ಕಣ್ಣಿನ ಕೆಳಗೂ ಅದೇ ಕಪ್ಪು ಇರುತ್ತದೆ.

ಈ ಜಾಗಕ್ಕೆ ಹಚ್ಚುವ ಕ್ರಮ ಹೀಗೆ. ಮುಖ ತೊಳೆದು, ಒಂದು ಹನಿ ಮಾಯಿಶ್ಚರೈಸರನ್ನು ಕಣ್ಣಿನ ಸುತ್ತ ತಟ್ಟಿ, ಐದು ನಿಮಿಷ ಸುಮ್ಮನೆ ಬಿಡಿ. ಒಣಗಿದ ಚರ್ಮದ ಮೇಲೆ ಕನ್ಸೀಲರ್ ಬಿರಿಯುತ್ತದೆ, ಜಿಡ್ಡಿನ ಮೇಲೆ ಜಾರುತ್ತದೆ. ಕಿತ್ತಳೆ ಕರೆಕ್ಟರನ್ನು ಒಂದು ಅಕ್ಕಿಕಾಳಿನಷ್ಟು ಕೈಯ ಹಿಂಬದಿಗೆ ತೆಗೆದುಕೊಂಡು ಉಂಗುರಬೆರಳಿನಲ್ಲಿ ಬಿಸಿಯಾಗುವಂತೆ ಉಜ್ಜಿ. ಕಪ್ಪು ಎಲ್ಲಿದೆಯೋ ಅಲ್ಲಿಗೆ ಮಾತ್ರ ಹಚ್ಚಿ. ಬಹಳ ಜನಕ್ಕೆ ಅದು ಮೂಗಿನ ಪಕ್ಕದ ಮೂಲೆಯಲ್ಲಿ ಗಾಢ, ಹೊರಗೆ ಹೋದಂತೆ ತಿಳಿ. ಉಜ್ಜಬೇಡಿ, ತಟ್ಟಿ, ಉಜ್ಜಿದರೆ ಒಂದು ಕಡೆ ಕೂತದ್ದು ಇನ್ನೊಂದು ಕಡೆ ಎದ್ದು ಬರುತ್ತದೆ. ತಟ್ಟುತ್ತಾ ಹೋದಂತೆ ಒಂದು ಹಂತದಲ್ಲಿ ಕಿತ್ತಳೆಯೂ ಕಾಣುವುದಿಲ್ಲ, ಕಪ್ಪೂ ಕಾಣುವುದಿಲ್ಲ, ಕೆನ್ನೆಗಿಂತ ಸ್ವಲ್ಪ ಮಬ್ಬಾದ ಒಂದು ಕಂದು ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಕಿತ್ತಳೆ ಇನ್ನೂ ಎದ್ದು ಕಾಣುತ್ತಿದ್ದರೆ ಜಾಸ್ತಿಯಾಗಿದೆ ಎಂದೇ ಅರ್ಥ.

ಅದರ ಮೇಲೆ ಕೆನ್ನೆಯ ಬಣ್ಣಕ್ಕೆ ಹೊಂದುವ ಕನ್ಸೀಲರಿನ ತೆಳು ಪದರ. ಎರಡು ಶೇಡ್ ತಿಳಿಯದು ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳುವುದು ನೆರಳಿನ ಹಳ್ಳಕ್ಕೆ ಸರಿ, ಅದೂ ಆ ಗೆರೆಯ ಮೇಲಷ್ಟೇ. ಬಣ್ಣಗಟ್ಟಿದ ಚರ್ಮಕ್ಕೆ ಅಲ್ಲ. ಕಣ್ಣನ್ನು ಮೇಲಕ್ಕೆ ಎತ್ತಿ, ಕನ್ಸೀಲರ್ ಗೆರೆಗಳಲ್ಲಿ ಸೇರಿದ್ದರೆ ಬೆರಳಿನಲ್ಲಿ ತಟ್ಟಿ ಹರಡಿ, ಆಮೇಲೆಯೇ ಚಿಟಿಕೆ ಪೌಡರ್.

ಒಂದು ಮೊಡವೆ ಕಲೆ

ಮೊಡವೆ ವಾಸಿಯಾದ ಮೇಲೆ ಉಳಿಯುವ ಕಂದು ಚುಕ್ಕೆಗೆ ಇನ್ನೊಂದು ವಿಧಾನ. ಇಲ್ಲಿ ಕಲೆಗಿಂತ ಕಲೆಯ ಅಂಚು ಮುಖ್ಯ. ಕಣ್ಣು ಗುರುತಿಸುವುದು ಅಂಚನ್ನು. ಕೆನ್ನೆಯ ಬಣ್ಣ ನಿಧಾನವಾಗಿ ಗಾಢವಾದರೆ ಯಾರೂ ಗಮನಿಸುವುದಿಲ್ಲ, ಗೆರೆ ಎಳೆದಂತೆ ಬದಲಾದರೆ ದೂರದಿಂದಲೇ ಗೊತ್ತಾಗುತ್ತದೆ. ಬೆರಳಿನಲ್ಲಿ ಕನ್ಸೀಲರ್ ಹಚ್ಚಿದರೆ ಸಾಸಿವೆಯಷ್ಟು ಕಲೆಯ ಸುತ್ತ ನಾಲ್ಕಾಣೆಯಷ್ಟು ಅಗಲದ ಬಿಲ್ಲೆ ಏಳುತ್ತದೆ. ಮೊದಲು ಒಂದು ಚುಕ್ಕೆ ಇತ್ತು, ಈಗ ಒಂದು ಬಿಲ್ಲೆ.

ಮೊದಲು ಮುಖಕ್ಕೆಲ್ಲ ಫೌಂಡೇಶನ್ ತೆಳ್ಳಗೆ ಹಚ್ಚಿಬಿಡಿ. ಅರ್ಧ ಕಲೆಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ಉಳಿದವಕ್ಕೆ ಗಟ್ಟಿ ಕ್ರೀಮ್ ಕನ್ಸೀಲರ್ ಬೇಕು, ನೀರಿನಂತಹದ್ದಲ್ಲ. ತುದಿ ಚೂಪಾಗಿರುವ ಸಣ್ಣ ಬ್ರಷ್ಷಿನಲ್ಲಿ ಕಲೆಯ ಮೇಲೆ ಮಾತ್ರ ಒಂದು ಚುಕ್ಕೆ ಇಡಿ. ಅರ್ಧ ನಿಮಿಷ ಬಿಡಿ, ಸ್ವಲ್ಪ ಗಟ್ಟಿಯಾಗಲಿ. ಆಮೇಲೆ ಬ್ರಷ್ಷನ್ನು ಟಿಶ್ಯೂಗೆ ಒರೆಸಿ, ಬರೀ ಬ್ರಷ್ಷಿನಲ್ಲಿ ಚುಕ್ಕೆಯ ಅಂಚನ್ನು ಸುತ್ತಲೂ ಹೊರಕ್ಕೆ ಬಿಡಿಸಿ, ನಡುವನ್ನು ಮುಟ್ಟಲೇಬಾರದು. ಹೊಸಬರು ಎಡವುವುದು ಇಲ್ಲೇ. ಚೆನ್ನಾಗಿ ಕೂರಲಿ ಎಂದು ನಡುವನ್ನೇ ತಿಕ್ಕುತ್ತಾರೆ, ಮುಚ್ಚಿದ್ದು ಪೂರ್ತಿ ಬ್ರಷ್ಷಿಗೆ ಬಂದುಬಿಡುತ್ತದೆ. ಕೊನೆಗೆ ಪಫ್ಫಿನಲ್ಲಿ ಒಂದಿಷ್ಟು ಪೌಡರ್ ತೆಗೆದು ಆ ಜಾಗಕ್ಕೆ ಒತ್ತಿ ಎತ್ತಿ.

ಬಣ್ಣಕ್ಕೆ ಇಷ್ಟೆಲ್ಲ ಉಪಾಯ ಇದೆ, ಉಬ್ಬು ತಗ್ಗುಗಳಿಗೆ ಇಲ್ಲ. ಹಸಿ ಮೊಡವೆಯ ಕೆಂಪನ್ನು ಮುಚ್ಚಬಹುದು, ಗುಳ್ಳೆಯನ್ನು ಮುಚ್ಚಲಾಗದು. ಮೊಡವೆ ಬಿಟ್ಟುಹೋದ ಗುಳಿ ಕಾಣುವುದು ಅದರೊಳಗೆ ನೆರಳು ಬೀಳುವುದರಿಂದ, ಆ ನೆರಳು ಬೆಳಕು ಬರುವ ದಿಕ್ಕಿನ ಜೊತೆ ಜಾಗ ಬದಲಿಸುತ್ತಿರುತ್ತದೆ. ತಗ್ಗಿಗೆ ತಿಳಿ ಬಣ್ಣ, ಉಬ್ಬಿಗೆ ಗಾಢ ಬಣ್ಣ ಕೊಟ್ಟು ಸಮ ಮಾಡುವ ಉಪಾಯ ರಂಗಭೂಮಿಯಲ್ಲಿ, ಸ್ಟುಡಿಯೊದಲ್ಲಿ ನಡೆಯುತ್ತದೆ, ಏಕೆಂದರೆ ಅಲ್ಲಿ ಲೈಟು ಇಟ್ಟ ಕಡೆ ಇರುತ್ತದೆ. ಬಸ್‌ಸ್ಟಾಪಿನಲ್ಲಿ ನಿಂತ ಮುಖಕ್ಕೆ ಅದು ಆಗದ ಮಾತು. ಸಿಲಿಕೋನ್ ಇರುವ ಪ್ರೈಮರ್ ಸಣ್ಣ ರಂಧ್ರಗಳನ್ನು ತುಂಬಿ ಸ್ವಲ್ಪ ನಯ ಮಾಡುತ್ತದೆ, ಆಳದ ಗುಳಿಗೆ ಸಾಲದು. ಪ್ರೈಮರ್ ಮೇಲೆ ನೀರಿನಂಶದ ಫೌಂಡೇಶನ್ ಹಾಕಿ ಉಜ್ಜಿದರೆ ಕೊಳೆಯಂತೆ ಉರುಳೆ ಉರುಳೆಯಾಗಿ ಎದ್ದುಬರುವುದೂ ಉಂಟು. ಗುಳಿ, ಗುಳ್ಳೆ ಇರುವ ಕಡೆ ಮಿನುಗುವ ಹೈಲೈಟರ್ ಹಾಕದಿರುವುದೇ ಅರ್ಧ ಕೆಲಸ ಮಾಡುತ್ತದೆ. ಉಳಿದದ್ದನ್ನು ಇದ್ದ ಹಾಗೆ ಬಿಡಿ. ಮುಖವನ್ನು ಒಂದು ಅಡಿ ದೂರದಿಂದ ಪರೀಕ್ಷೆ ಮಾಡುವವರು ನೀವೊಬ್ಬರೇ.

ಅರಿಶಿನದ ಮರುದಿನ

ಮದುಮಗಳ ಮೇಕಪ್ ಮಾಡುವವರನ್ನು ಕೇಳಿದರೆ ಶೇಡ್ ಕೈಕೊಡುವುದಕ್ಕೆ ಒಂದು ಕಾರಣ ಹೇಳುತ್ತಾರೆ: ಹಿಂದಿನ ದಿನದ ಅರಿಶಿನ ಶಾಸ್ತ್ರ. ಟ್ರಯಲ್ ಮಾಡಿದಾಗ ಸರಿ ಹೊಂದಿದ್ದ ಫೌಂಡೇಶನ್ ಮುಹೂರ್ತದ ಬೆಳಗ್ಗೆ ಬೇರೆಯೇ ಕಾಣುತ್ತದೆ, ಏಕೆಂದರೆ ಕೆಳಗಿನ ಚರ್ಮವೇ ಹಳದಿ ಹಿಡಿದಿರುತ್ತದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಎಷ್ಟು ನೀರು ಸುರಿದರೂ ಅಷ್ಟೇ. ಸೋಪು ಹಾಕಿ ತಿಕ್ಕಿದರೆ ಹಳದಿ ಕೆಂಪಿಗೆ ತಿರುಗಿ ಇನ್ನೊಂದು ಗಾಬರಿ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಕರ್ಕ್ಯುಮಿನ್ ಎಣ್ಣೆಯಲ್ಲಿ ಕರಗುತ್ತದೆ. ಕೊಬ್ಬರಿ ಎಣ್ಣೆಯನ್ನೋ ಕ್ಲೆನ್ಸಿಂಗ್ ಎಣ್ಣೆಯನ್ನೋ ಹಚ್ಚಿ, ಹತ್ತಿಯಿಂದ ಒರೆಸಿ, ಆಮೇಲೆ ಮೃದುವಾದ ಫೇಸ್‌ವಾಶ್. ಪೂರ್ತಿ ಹೋಗದಿದ್ದರೂ ಶೇಡ್ ಕೆಡದಷ್ಟಂತೂ ಇಳಿಯುತ್ತದೆ.

ಶೇಡ್ ಆರಿಸುವುದರ ಬಗ್ಗೆ ಹೇಳಲೇಬೇಕು, ಏಕೆಂದರೆ ಬೂದಿಮುಖಕ್ಕೆ ಎರಡನೇ ಕಾರಣ ಅದೇ. ಮುಂಗೈಗೆ ಹಚ್ಚಿ ನೋಡಬೇಡಿ; ಕೈಯ ಬಣ್ಣ ಬೇರೆ, ಮುಖದ್ದು ಬೇರೆ. ದವಡೆಯ ಅಂಚಿನಲ್ಲಿ ಕತ್ತಿನ ಕಡೆಗೆ ಒಂದು ಗೆರೆ ಎಳೆದು, ಅಂಗಡಿಯಿಂದ ಹೊರಗೆ ಬಂದು ಬಿಸಿಲಿನ ಬೆಳಕಿನಲ್ಲಿ ನೋಡಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ದ್ರವ ಆರಿ, ಚರ್ಮದ ಜಿಡ್ಡು ಬೆರೆತ ಮೇಲೆ ಅನೇಕ ಫೌಂಡೇಶನ್‌ಗಳು ಅರ್ಧ ಶೇಡ್ ಗಾಢವಾಗುತ್ತವೆ. ಎಲ್ಲಿ ಹಚ್ಚಿದ್ದು ಎಂದು ಗೊತ್ತಾಗದೆ ಮಾಯವಾದ ಗೆರೆಯೇ ನಿಮ್ಮ ಶೇಡ್. ಅದು ನೀವು ಅಂದುಕೊಂಡಿದ್ದಕ್ಕಿಂತ ಗಾಢವಾಗಿರುವ ಸಾಧ್ಯತೆ ಹೆಚ್ಚು. ಬೆಳ್ಳಗಾಗುವ ಕ್ರೀಮು 1975ರಿಂದ ನಮ್ಮ ಮನೆಗಳಲ್ಲಿತ್ತು. 2020ರಲ್ಲಿ ಅದರ ಹೆಸರಿನಿಂದ ‘ಫೇರ್’ ಹೋಯಿತು. ಆದರೂ ಪಾರ್ಲರಿನಲ್ಲಿ ‘ಒಂದು ಶೇಡ್ ಲೈಟ್ ಹಾಕ್ತೀನಿ ಮೇಡಂ’ ಎನ್ನುವ ಮಾತು ಕೇಳುತ್ತಲೇ ಇದೆ. ಬೇಡ ಎಂದು ಹೇಳಿ. ಬೆಳ್ಳಗಿನ ಶೇಡ್ ಎಂದರೆ ಬಿಳಿ ಪುಡಿ ಜಾಸ್ತಿ, ಬಿಳಿ ಪುಡಿ ಜಾಸ್ತಿಯಾದರೆ ಬೂದಿ.

ಮುಚ್ಚುವ ಮುನ್ನ ಕೇಳಬೇಕಾದದ್ದು

ಕೆಲವು ಕಲೆಗಳಿಗೆ ಮೇಕಪ್ಪಿಗಿಂತ ಮೊದಲು ಚರ್ಮದ ಡಾಕ್ಟರು ಬೇಕು. ಹಣೆಯ ಮೇಲೆ ಸ್ಟಿಕರ್ ಬಿಂದಿ ಇಡುವ ಜಾಗದಲ್ಲೇ ಬೆಳ್ಳಗೆ ಮಚ್ಚೆ ಬಿದ್ದಿದ್ದರೆ ಅದಕ್ಕೆ ಬಿಂದಿಯ ಅಂಟೇ ಕಾರಣವಿರಬಹುದು. ಅಂಥ ಅಂಟುಗಳಲ್ಲಿ ಬಳಸುವ ಒಂದು ಬಗೆಯ ಫೀನಾಲ್ ಮೆಲನಿನ್ ಮಾಡುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಮಚ್ಚೆ ಮುಚ್ಚಲೆಂದು ಇನ್ನೂ ದೊಡ್ಡ ಬಿಂದಿ ಇಡುವವರಿದ್ದಾರೆ. ಮಚ್ಚೆಯೂ ಅದರ ಜೊತೆಗೇ ಬೆಳೆಯುತ್ತದೆ. ಕೆನ್ನೆಯ ಮೇಲಿನ ಭಂಗು ಇನ್ನೊಂದು. ಅದನ್ನು ಕೆರಳಿಸುವುದರಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕಿನದೂ ಪಾಲಿದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಮುಚ್ಚುವುದೂ ಕಾಯುವುದೂ ಒಂದೇ ಟ್ಯೂಬಿನಲ್ಲಿ ಆಗುವ ಅಪರೂಪದ ಸಂದರ್ಭ ಇದು. ಆದರೆ ಭಂಗಿಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಬೆರೆತ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಸಣ್ಣ ರಕ್ತನಾಳಗಳು ಎದ್ದು ಕಂಡು, ಮುಖ ಕೆಂಪಾಗುತ್ತದೆ. ಆ ಕೆಂಪನ್ನು ಮುಚ್ಚುವುದು ಭಂಗು ಮುಚ್ಚುವುದಕ್ಕಿಂತ ಕಷ್ಟ.

ತೊನ್ನು, ಹುಟ್ಟುಮಚ್ಚೆ, ಸುಟ್ಟ ಗಾಯದ ಗುರುತು ಇವಕ್ಕೆ ಕ್ಯಾಮಫ್ಲಾಜ್ ಮೇಕಪ್ ಎಂದೇ ಬೇರೆ ಬಗೆಯಿದೆ. ಮುಖದ ಮೇಲೆ ದೊಡ್ಡ ಹುಟ್ಟುಮಚ್ಚೆ ಇದ್ದ ಅಮೆರಿಕದ ಲಿಡಿಯಾ ಒಲಿಯರಿ ತನಗಾಗಿಯೇ ತಯಾರಿಸಿಕೊಂಡ ಕ್ರೀಮು 1928ರ ಹೊತ್ತಿಗೆ ಕವರ್‌ಮಾರ್ಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂಥವುಗಳಲ್ಲಿ ಸಾಮಾನ್ಯ ಫೌಂಡೇಶನ್ನಿಗಿಂತ ಬಣ್ಣದ ಪುಡಿ ಬಹಳ ಜಾಸ್ತಿ, ನೀರಿಗೆ ಜಗ್ಗುವುದಿಲ್ಲ. ತೊನ್ನಿಗೆ ಮುಚ್ಚುವಾಗ ಲೆಕ್ಕ ಪೂರ್ತಿ ತಿರುಗುಮುರುಗು: ಇಲ್ಲಿ ಬಿಳುಪಿನ ಮೇಲೆ ಕಂದು ಬರಬೇಕು, ಆದ್ದರಿಂದ ಕಿತ್ತಳೆಯ ಹಂತವೇ ಇಲ್ಲ. ಸುತ್ತಲಿನ ಚರ್ಮಕ್ಕೆ ಹೊಂದುವ ಎರಡು ಶೇಡ್‌ಗಳನ್ನು ಕಲಸಿ ತೆಳು ಪದರಗಳಲ್ಲಿ ಒಂದರ ಮೇಲೊಂದು ಹಚ್ಚಿ, ಪ್ರತಿ ಪದರಕ್ಕೂ ಪೌಡರ್ ಒತ್ತಿ, ಹತ್ತು ನಿಮಿಷ ಬಿಟ್ಟು ಹೆಚ್ಚಾದ ಪೌಡರನ್ನು ಒರೆಸಬೇಕು.

ಇನ್ನು ಬೆವರು ಮತ್ತು ಕ್ಯಾಮೆರಾ. ಮಂಗಳೂರು, ಕಾರವಾರದ ಸೆಕೆಯಲ್ಲಿ ಒಂದೇ ಸಲ ದಪ್ಪ ಬಳಿದದ್ದು ಊಟದ ಹೊತ್ತಿಗೆ ಇಳಿಯುತ್ತದೆ, ತೆಳ್ಳಗೆ ಎರಡು ಸಲ ಹಚ್ಚಿದ್ದು ನಿಲ್ಲುತ್ತದೆ. ಬೆವರನ್ನು ಒರೆಸದೆ ಟಿಶ್ಯೂ ಒತ್ತಿ ತೆಗೆಯಬೇಕು. ಕಲಬುರಗಿಯ ಒಣ ಬಿಸಿಲಿಗೆ ಪೌಡರ್ ಕಡಿಮೆ, ಮಾಯಿಶ್ಚರೈಸರ್ ಜಾಸ್ತಿ. ಸಿಲಿಕಾ ಇರುವ ಬಿಳಿ ಪೌಡರ್, ಜಿಂಕ್ ಅಥವಾ ಟೈಟಾನಿಯಂ ಇರುವ ಸನ್‌ಸ್ಕ್ರೀನ್ ಬರಿಗಣ್ಣಿಗೆ ಕಾಣದಿದ್ದರೂ ಕ್ಯಾಮೆರಾ ಫ್ಲ್ಯಾಶಿನ ಬೆಳಕನ್ನು ನೇರ ವಾಪಸು ಕಳಿಸುತ್ತವೆ, ಫೋಟೊದಲ್ಲಿ ಮುಖ ಸುಣ್ಣ ಹೊಡೆದಂತೆ ಬರುತ್ತದೆ. ಮನೆ ಬಿಡುವ ಮೊದಲು ಕೋಣೆಯ ಲೈಟು ಆರಿಸಿ ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೊ, ಕಿಟಕಿಯ ಪಕ್ಕ ನಿಂತು ಇನ್ನೊಂದು ತೆಗೆದು ನೋಡಿ. ಮೊದಲನೆಯದರಲ್ಲಿ ಬಿಳಿ ತೇಲಿದರೆ ಪೌಡರ್ ಜಾಸ್ತಿಯಾಗಿದೆ. ಒದ್ದೆ ಸ್ಪಂಜನ್ನು ಚೆನ್ನಾಗಿ ಹಿಂಡಿ ಆ ಜಾಗಕ್ಕೆ ಒತ್ತಿದರೆ ಹೆಚ್ಚಿನದು ಸ್ಪಂಜಿಗೆ ಬರುತ್ತದೆ. ಎರಡನೆಯದರಲ್ಲಿ ಕಣ್ಣಿನ ಕೆಳಗೆ ಬೂದಿ ಕಂಡರೆ ಮೇಲೆ ಇನ್ನಷ್ಟು ಹಚ್ಚಲು ಹೋಗಬೇಡಿ. ಅಲ್ಲಿಯದನ್ನಷ್ಟೇ ಒರೆಸಿ, ಕಿತ್ತಳೆಯಿಂದ ಮತ್ತೆ ಶುರು ಮಾಡಿ.